ಪದಕಪಟ್ಟಿಯ ಹಿಂದಿನ ದೇಶ: ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ

ಅಂಗವೈಕಲ್ಯವುಳ್ಳ ಕ್ರೀಡಾಪಟುಗಳಿಗಾಗಿ ನಾಲ್ಕು ವರ್ಷಗಳಿಗೊಮ್ಮೆ, ಒಲಿಂಪಿಕ್ಸ್ ಮುಗಿದ ಕೆಲವು ದಿನಗಳಲ್ಲಿ, ಅದೇ ಆತಿಥೇಯ ನಗರದಲ್ಲಿ, ಬಹುಪಾಲು ಅದೇ ಕ್ರೀಡಾಂಗಣಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಕ್ರೀಡಾಕೂಟವೇ ಪ್ಯಾರಾಲಿಂಪಿಕ್ಸ್. ಭಾರತ ಈ ಕೂಟಕ್ಕೆ ಮೊದಲ ಬಾರಿಗೆ ತಂಡ ಕಳುಹಿಸಿದ್ದು 1968ರಲ್ಲಿ. ಅಲ್ಲಿಂದ 2016ರವರೆಗೆ ಭಾಗವಹಿಸಿದ 11 ಕೂಟಗಳಲ್ಲಿ ದೇಶಕ್ಕೆ ದೊರೆತ ಪದಕಗಳು ಒಟ್ಟು 12. ಆನಂತರದ ಎರಡೇ ಕೂಟಗಳಲ್ಲಿ, ಎಂದರೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ 19 ಮತ್ತು 2024ರ ಪ್ಯಾರಿಸ್ ಕೂಟದಲ್ಲಿ 29, ಒಟ್ಟು 48 ಪದಕಗಳು ದೊರೆತವು. ಅರ್ಧ ಶತಮಾನದಲ್ಲಿ ಆಗದಿದ್ದುದು ಮೂರು ವರ್ಷಗಳ ಅಂತರದಲ್ಲಿ ಹೇಗೆ ಆಯಿತು ಎಂಬುದನ್ನು ಕೇವಲ ಛಲ ಮತ್ತು ಸಂಕಲ್ಪಗಳಿಂದ ವಿವರಿಸಲಾಗದು, ಏಕೆಂದರೆ ಛಲವುಳ್ಳವರು ಈ ದೇಶದಲ್ಲಿ 1968ರಲ್ಲಿಯೂ ಇದ್ದರು. ಬದಲಾದದ್ದು ಕ್ರೀಡಾಪಟುವಿನ ಸುತ್ತಲಿನ ಏರ್ಪಾಡು. ಆದ್ದರಿಂದ ಈ ಪದಕಗಳ ಇತಿಹಾಸವನ್ನು ಓದುವುದೆಂದರೆ, ಒಂದು ಸಮಾಜ ತನ್ನ ಅಂಗವಿಕಲ ಪ್ರಜೆಗಳಿಗೆ ದಾರಿಯನ್ನು ಎಷ್ಟು ತೆರೆದಿದೆ, ಎಲ್ಲಿ ಇನ್ನೂ ಮುಚ್ಚಿದೆ ಎಂಬುದನ್ನು ಓದುವುದೇ ಆಗಿದೆ.

ಆಸ್ಪತ್ರೆಯ ಅಂಗಳದಿಂದ ಕ್ರೀಡಾಂಗಣಕ್ಕೆ

ಪ್ಯಾರಾಲಿಂಪಿಕ್ಸ್‌ನ ಮೂಲ ಇರುವುದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ನಾಜಿ ಆಡಳಿತದಿಂದ ಪಾರಾಗಿ 1939ರಲ್ಲಿ ಬ್ರಿಟನ್ನಿಗೆ ಬಂದ ಯಹೂದಿ ನರರೋಗ ತಜ್ಞ ಲುಡ್ವಿಗ್ ಗುಟ್‌ಮನ್ ಅವರು, ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಅಲ್ಲಿ 1944ರಲ್ಲಿ ತೆರೆದ ವಿಭಾಗದ ಹೊಣೆ ಹೊತ್ತರು. ಅಂಥ ರೋಗಿಗಳು ಹಾಸಿಗೆ ಹಿಡಿದು ಬೇಗನೆ ಸಾಯುವವರೆಂದು ವೈದ್ಯಲೋಕವೇ ಕೈಚೆಲ್ಲಿದ್ದ ಕಾಲದಲ್ಲಿ, ಗುಟ್‌ಮನ್ ಅವರು ಆಟವನ್ನು ಚಿಕಿತ್ಸೆಯ ಭಾಗವಾಗಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿಯ ಬಿಲ್ಲುಗಾರಿಕೆ ಸ್ಪರ್ಧೆಯನ್ನು ಅವರು ಆಸ್ಪತ್ರೆಯ ಆವರಣದಲ್ಲಿ ಏರ್ಪಡಿಸಿದರು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಮಂದಿ ಸ್ಪರ್ಧಿಸಿದ ಕೂಟವನ್ನು ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸಲಾಗುತ್ತದೆ. ಕೈಕಾಲು ಕಳೆದುಕೊಂಡವರಿಗೂ ದೃಷ್ಟಿದೋಷವುಳ್ಳವರಿಗೂ 1976ರಲ್ಲಿ ಪ್ರವೇಶ ದೊರೆಯಿತು. 1989ರಲ್ಲಿ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ರೂಪುಗೊಂಡಿತು. ಹೆಸರಿನಲ್ಲಿರುವ ‘ಪ್ಯಾರಾ’ ಎಂಬುದು ‘ಪಕ್ಕದಲ್ಲಿ’ ಎಂಬ ಅರ್ಥದ ಗ್ರೀಕ್ ಪದವಾಗಿದ್ದು, ಒಲಿಂಪಿಕ್ಸ್‌ನ ಜೊತೆಜೊತೆಯಾಗಿ ಸಾಗುವ ಕೂಟ ಎಂಬುದನ್ನು ಇಂದು ಅದು ಸೂಚಿಸುತ್ತದೆ.

ನ್ಯಾಯದ ಅಳತೆಗೋಲು

ಈ ಕೂಟವನ್ನು ಅರ್ಥಮಾಡಿಕೊಳ್ಳಲು ವರ್ಗೀಕರಣವೆಂಬ ವ್ಯವಸ್ಥೆಯನ್ನು ಮೊದಲು ತಿಳಿಯಬೇಕು. ಕುಸ್ತಿಯಲ್ಲಿ ತೂಕಕ್ಕೆ ತಕ್ಕ ವಿಭಾಗಗಳಿರುವಂತೆ, ಇಲ್ಲಿ ಅಂಗವೈಕಲ್ಯವು ಆ ನಿರ್ದಿಷ್ಟ ಆಟದ ಚಲನೆಗೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ತಜ್ಞರು ಪರೀಕ್ಷಿಸಿ, ಹೆಚ್ಚುಕಡಿಮೆ ಸಮಾನ ಅಡ್ಡಿಯುಳ್ಳವರನ್ನು ಒಂದು ವರ್ಗಕ್ಕೆ ಸೇರಿಸುತ್ತಾರೆ. ಅಥ್ಲೆಟಿಕ್ಸ್‌ನಲ್ಲಿ ‘ಟಿ’ ಅಕ್ಷರವು ಓಟ ಮತ್ತು ಜಿಗಿತಗಳನ್ನೂ ‘ಎಫ್’ ಅಕ್ಷರವು ಎಸೆತಗಳನ್ನೂ ಸೂಚಿಸುತ್ತದೆ. ಅದರ ಮುಂದಿನ ಎರಡಂಕಿಯ ಸಂಖ್ಯೆಯಲ್ಲಿ ಮೊದಲನೆಯದು ಅಂಗವೈಕಲ್ಯದ ಬಗೆಯನ್ನೂ ಎರಡನೆಯದು ಅದರ ಪ್ರಮಾಣವನ್ನೂ ಹೇಳುತ್ತದೆ. ದೃಷ್ಟಿದೋಷವುಳ್ಳವರು 11ರಿಂದ 13ರವರೆಗಿನ ವರ್ಗಗಳಲ್ಲಿ, ಕುಬ್ಜದೇಹಿಗಳು 40 ಮತ್ತು 41ರಲ್ಲಿ, ಕೃತಕ ಕಾಲು ಧರಿಸಿ ಸ್ಪರ್ಧಿಸುವವರು 61ರಿಂದ 64ರವರೆಗಿನ ವರ್ಗಗಳಲ್ಲಿ ಬರುತ್ತಾರೆ. ಹೀಗಾಗಿ ಪ್ಯಾರಿಸ್‌ನಲ್ಲಿ ಎಫ್64 ವರ್ಗದಲ್ಲಿ ಜಾವೆಲಿನ್ ಅನ್ನು 70.59 ಮೀಟರ್ ದೂರಕ್ಕೆ ಎಸೆದ ಸುಮಿತ್ ಅಂತಿಲ್ ಮತ್ತು ಕುಬ್ಜದೇಹಿಗಳ ಎಫ್41 ವರ್ಗದಲ್ಲಿ 47.32 ಮೀಟರ್ ಎಸೆದ ನವದೀಪ್ ಸಿಂಗ್ ಇಬ್ಬರಿಗೂ ಚಿನ್ನ ದೊರೆಯಿತು. ಎರಡು ದೂರಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳುವುದು ಇಲ್ಲಿ ಸಲ್ಲದು. ಪ್ರತಿಯೊಬ್ಬರೂ ತಮ್ಮ ಸರಿಸಮಾನರ ಎದುರು ಸ್ಪರ್ಧಿಸಿದವರು.

ಈ ವ್ಯವಸ್ಥೆ ಕಠಿಣವಾಗಿಯೂ ಇರಬಲ್ಲದು. ಟೋಕಿಯೊದಲ್ಲಿ ಭಾರತದ ಡಿಸ್ಕಸ್ ಎಸೆತಗಾರರೊಬ್ಬರು ಮೂರನೆಯ ಸ್ಥಾನ ಪಡೆದ ಬಳಿಕ, ಮರುಪರಿಶೀಲನೆಯಲ್ಲಿ ಅವರು ಆ ವರ್ಗಕ್ಕೆ ಅರ್ಹರಲ್ಲವೆಂದು ತೀರ್ಮಾನವಾಗಿ ಕಂಚು ಕೈತಪ್ಪಿತು. ಒಂದು ವರ್ಗದಲ್ಲಿ ಯಾವ ಯಾವ ಸ್ಪರ್ಧೆಗಳನ್ನು ನಡೆಸಬೇಕೆಂಬುದು ಕೂಟದಿಂದ ಕೂಟಕ್ಕೆ ಬದಲಾಗುವುದೂ ಉಂಟು. ರಾಜಸ್ಥಾನದ ಚುರು ಜಿಲ್ಲೆಯ ದೇವೇಂದ್ರ ಝಝಾರಿಯಾ 2004ರ ಅಥೆನ್ಸ್ ಕೂಟದಲ್ಲಿ 62.15 ಮೀಟರ್ ದೂರದ ವಿಶ್ವದಾಖಲೆಯೊಂದಿಗೆ ಜಾವೆಲಿನ್ ಚಿನ್ನ ಗೆದ್ದರೂ, ಅವರ ಎಫ್46 ವರ್ಗದ ಜಾವೆಲಿನ್ ಸ್ಪರ್ಧೆಯೇ 2008 ಮತ್ತು 2012ರ ಕೂಟಗಳಲ್ಲಿ ಇರಲಿಲ್ಲ. ಕ್ರೀಡಾಪಟುವಿನ ಬಾಳಿನಲ್ಲಿ 12 ವರ್ಷವೆಂದರೆ ಒಂದು ಪೂರ್ಣ ವೃತ್ತಿಜೀವನ. ಅಷ್ಟು ಕಾಲ ಕಾದ ಅವರು 2016ರ ರಿಯೊ ಕೂಟದಲ್ಲಿ 63.97 ಮೀಟರ್ ಎಸೆದು ತಮ್ಮದೇ ದಾಖಲೆಯನ್ನು ಮುರಿದರು, ಟೋಕಿಯೊದಲ್ಲಿ 40ನೆಯ ವಯಸ್ಸಿನಲ್ಲಿ ಬೆಳ್ಳಿಯನ್ನೂ ಗಳಿಸಿದರು.

ಅರ್ಧ ಶತಮಾನದ ನಡೆ

ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದವರು ಮಹಾರಾಷ್ಟ್ರದ ಮುರಳೀಕಾಂತ್ ಪೇಟ್ಕರ್. ಸೇನೆಯಲ್ಲಿ ಬಾಕ್ಸರ್ ಆಗಿದ್ದ ಅವರು 1965ರ ಯುದ್ಧದಲ್ಲಿ ಗುಂಡೇಟುಗಳಿಂದ ತೀವ್ರವಾಗಿ ಗಾಯಗೊಂಡರು. ಚಿಕಿತ್ಸೆಯ ಅಂಗವಾಗಿ ಈಜನ್ನು ಆರಂಭಿಸಿ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕೂಟದಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಅಂಥ ಆರಂಭದ ಬಳಿಕವೂ 1976 ಮತ್ತು 1980ರ ಕೂಟಗಳಿಗೆ ಭಾರತ ತಂಡವನ್ನೇ ಕಳುಹಿಸಲಿಲ್ಲ. 1984ರಲ್ಲಿ ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಎಸೆತದ ಸ್ಪರ್ಧೆಗಳಲ್ಲಿ ಮೂರು ಪದಕ ಗಳಿಸಿದರು, ಭೀಮರಾವ್ ಕೇಸರ್ಕರ್ ಜಾವೆಲಿನ್‌ನಲ್ಲಿ ಬೆಳ್ಳಿ ಗೆದ್ದರು. ಆಮೇಲಿನ ಪದಕಕ್ಕಾಗಿ ದೇಶ ಕಾದದ್ದು 20 ವರ್ಷ. 2012ರ ಲಂಡನ್ ಕೂಟಕ್ಕೆ ಹೋದವರು 10 ಮಂದಿ, ಬಂದ ಪದಕ ಒಂದು. 2016ರಲ್ಲಿ 19 ಮಂದಿ ಹೋಗಿ ನಾಲ್ಕು ಪದಕ ತಂದರು. ಅದೇ ಕೂಟದಲ್ಲಿ ಶಾಟ್‌ಪಟ್ ಬೆಳ್ಳಿ ಗೆದ್ದ ದೀಪಾ ಮಲಿಕ್ ಪ್ಯಾರಾಲಿಂಪಿಕ್ಸ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಟೋಕಿಯೊಗೆ 54, ಪ್ಯಾರಿಸ್‌ಗೆ 84 ಮಂದಿ ತೆರಳಿದರು. ಪ್ಯಾರಿಸ್‌ನಲ್ಲಿ 7 ಚಿನ್ನ, 9 ಬೆಳ್ಳಿ ಮತ್ತು 13 ಕಂಚಿನೊಂದಿಗೆ ಭಾರತ ಪದಕಪಟ್ಟಿಯಲ್ಲಿ 18ನೆಯ ಸ್ಥಾನ ಪಡೆಯಿತು.

ಈ ಏರಿಕೆಯ ಹಿಂದೆ ಹಲವು ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಪದಕದ ಸಾಧ್ಯತೆಯುಳ್ಳವರಿಗೆ ತರಬೇತಿ, ಉಪಕರಣ, ವಿದೇಶಿ ಸ್ಪರ್ಧೆ ಮತ್ತು ಮಾಸಿಕ ಭತ್ಯೆಯ ವೆಚ್ಚ ಭರಿಸಲು ಕೇಂದ್ರ ಸರ್ಕಾರ 2014ರಲ್ಲಿ ಆರಂಭಿಸಿದ ‘ಟಾಪ್ಸ್’ ಯೋಜನೆಯ ವ್ಯಾಪ್ತಿಗೆ ಪ್ಯಾರಾ ಕ್ರೀಡಾಪಟುಗಳೂ ಬಂದರು. ಹರಿಯಾಣದಂಥ ರಾಜ್ಯಗಳು ಒಲಿಂಪಿಕ್ಸ್ ವಿಜೇತರಂತೆಯೇ ಇವರಿಗೂ ದೊಡ್ಡ ಮೊತ್ತದ ಬಹುಮಾನ ಮತ್ತು ಸರ್ಕಾರಿ ಉದ್ಯೋಗ ನೀಡಿದ್ದರಿಂದ ಆಟವನ್ನೇ ನೆಚ್ಚಿ ಬದುಕಬಹುದೆಂಬ ಭರವಸೆ ಹಳ್ಳಿಮನೆಗಳಲ್ಲಿ ಮೂಡಿತು. ಬ್ಯಾಡ್ಮಿಂಟನ್ ಟೋಕಿಯೊದಲ್ಲಿ ಮೊದಲ ಬಾರಿ ಸೇರ್ಪಡೆಯಾದುದು ಈ ಆಟದಲ್ಲಿ ಆಗಲೇ ಪಳಗಿದ್ದ ಭಾರತೀಯರಿಗೆ ಅನುಕೂಲವಾಗಿ, ಅಲ್ಲಿ ನಾಲ್ಕು, ಪ್ಯಾರಿಸ್‌ನಲ್ಲಿ ಐದು ಪದಕಗಳು ದೊರೆತವು. ಹೆಣ್ಣುಮಕ್ಕಳ ಪಾಲು ಇನ್ನೂ ಗಮನಾರ್ಹ: 2016ರವರೆಗೆ ಒಬ್ಬ ಮಹಿಳೆಗಷ್ಟೇ ದಕ್ಕಿದ್ದ ಪದಕ, ಪ್ಯಾರಿಸ್‌ನಲ್ಲಿ ವೈಯಕ್ತಿಕ ಸ್ಪರ್ಧೆಗಳಲ್ಲಿಯೇ ಹತ್ತು ಬಾರಿ ಮಹಿಳೆಯರ ಕೊರಳಿಗೆ ಬಿತ್ತು. ರೈಫಲ್ ಶೂಟಿಂಗ್‌ನಲ್ಲಿ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲಿಯೂ ಚಿನ್ನ ಗೆದ್ದ ಅವನಿ ಲೇಖರಾ ಅವರು ಆ ಸಾಲಿನ ಮೊದಲಿಗರು. ಕೈಗಳಿಲ್ಲದೆ ಹುಟ್ಟಿ, ಕಾಲಿನಿಂದ ಬಿಲ್ಲು ಹಿಡಿದು ಬಾಣ ಬಿಡುವ ಜಮ್ಮು-ಕಾಶ್ಮೀರದ ಶೀತಲ್ ದೇವಿ, ಪ್ಯಾರಿಸ್‌ನಲ್ಲಿ 17ನೆಯ ವಯಸ್ಸಿಗೇ ರಾಕೇಶ್ ಕುಮಾರ್ ಅವರೊಂದಿಗೆ ಮಿಶ್ರ ತಂಡದ ಕಂಚು ಗಳಿಸಿದರು.

ದೇಹಗಳಲ್ಲಿ ಬರೆದ ಚರಿತ್ರೆ

ಈ ತಂಡದ ಸದಸ್ಯರಿಗೆ ಅಂಗವೈಕಲ್ಯ ಹೇಗೆ ಬಂತು ಎಂಬುದನ್ನು ಸಾಲಾಗಿಟ್ಟು ನೋಡಿದರೆ ಸ್ವತಂತ್ರ ಭಾರತದ ಇನ್ನೊಂದು ಚರಿತ್ರೆ ಕಣ್ಣಿಗೆ ಬೀಳುತ್ತದೆ. ಪೇಟ್ಕರ್ ಅವರ ದೇಹದಲ್ಲಿ ಇದ್ದುದು ಯುದ್ಧದ ಗಾಯ. ಅವರ ನಂತರದ ತಲೆಮಾರುಗಳಲ್ಲಿ ಹಲವರು ಪೋಲಿಯೊ ಪೀಡಿತರು. 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಿತವಾದ್ದರಿಂದ, ಮುಂದಿನ ತಂಡಗಳಲ್ಲಿ ಆ ರೋಗದ ಗುರುತು ಮಾಯವಾಗುತ್ತ ಹೋಗುವುದು ಸಾರ್ವಜನಿಕ ಆರೋಗ್ಯದ ಒಂದು ದೊಡ್ಡ ಗೆಲುವು. ಆದರೆ ಆ ಜಾಗಕ್ಕೆ ಬೇರೆ ಕಾರಣಗಳು ಬಂದಿವೆ. ಝಝಾರಿಯಾ ಎಂಟನೆಯ ವಯಸ್ಸಿನಲ್ಲಿ ಮರ ಹತ್ತುವಾಗ ವಿದ್ಯುತ್ ತಂತಿ ತಗುಲಿ ಎಡಗೈ ಕಳೆದುಕೊಂಡರು. 2016ರಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಅವರ ಕಾಲನ್ನು ಐದನೆಯ ವಯಸ್ಸಿನಲ್ಲಿ ಬಸ್ಸೊಂದು ಜಜ್ಜಿತ್ತು. ಅವನಿ ಅವರ ಬೆನ್ನುಹುರಿಗೆ ಕಾರು ಅಪಘಾತದಲ್ಲಿ, ಸುಮಿತ್ ಅವರ ಕಾಲಿಗೆ ಮೋಟಾರ್ ಬೈಕ್ ಅಪಘಾತದಲ್ಲಿ, ಬ್ಯಾಡ್ಮಿಂಟನ್ ಚಿನ್ನ ಗೆದ್ದ ನಿತೇಶ್ ಕುಮಾರ್ ಅವರ ಕಾಲಿಗೆ ರೈಲು ಅಪಘಾತದಲ್ಲಿ ಪೆಟ್ಟಾಯಿತು. ಕೈಬೆರಳುಗಳ ಹಿಡಿತ ದುರ್ಬಲವಾದವರಿಗಾಗಿ ಇರುವ, ಮರದ ಚಿಕ್ಕ ಗದೆಯಂಥ ಸಾಧನವನ್ನು ಎಸೆಯುವ ಕ್ಲಬ್ ಥ್ರೋ ಸ್ಪರ್ಧೆಯಲ್ಲಿ ಪ್ಯಾರಿಸ್ ಚಿನ್ನ ಗೆದ್ದ ಧರಮವೀರ್ ಅವರು, ಆಳ ಕಡಿಮೆಯಿದ್ದ ಕಾಲುವೆಗೆ ಧುಮುಕಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು. ಅಂಗವೈಕಲ್ಯವನ್ನು ವಿಧಿಯ ಬರಹವೆಂದು ಹೇಳಿ ಸುಮ್ಮನಾಗುವ ರೂಢಿಗೆ ಈ ಪಟ್ಟಿಯೇ ಉತ್ತರ. ಇವುಗಳಲ್ಲಿ ಹೆಚ್ಚಿನವು ಲಸಿಕೆ, ರಸ್ತೆ ಸುರಕ್ಷತೆ ಮತ್ತು ಎಚ್ಚರದ ಆಡಳಿತಗಳಿಂದ ತಪ್ಪಿಸಬಹುದಾದವು. ತಪ್ಪಿಸಲಾಗದೆ ಹೋದಾಗ ಆ ಬದುಕಿಗೆ ಮತ್ತೆ ದಾರಿ ಮಾಡಿಕೊಡುವುದು ಸಮಾಜದ ಋಣ.

ಕರ್ನಾಟಕದ ಪಾಲು

ಈ ಪಯಣದಲ್ಲಿ ಕನ್ನಡ ನಾಡಿನ ಹೆಜ್ಜೆಗಳೂ ಇವೆ. ಶೈಶವದಲ್ಲಿಯೇ ಪೋಲಿಯೊಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು 1988ರ ಸೋಲ್ ಕೂಟದಿಂದ ಆರಂಭಿಸಿ ಹಲವು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿ, ಅರ್ಜುನ ಮತ್ತು ಪದ್ಮಶ್ರೀ ಪುರಸ್ಕಾರಗಳನ್ನು ಪಡೆದರಷ್ಟೇ ಅಲ್ಲದೆ, ಮಾತೃ ಫೌಂಡೇಶನ್ ಮೂಲಕ ಅಂಗವಿಕಲ ಮಕ್ಕಳಿಗೆ ಆಶ್ರಯವನ್ನೂ ಒದಗಿಸಿದರು. 2012ರ ಲಂಡನ್ ಕೂಟದಲ್ಲಿ ದೇಶಕ್ಕೆ ದೊರೆತ ಆ ಒಂದೇ ಪದಕ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದು, ಎತ್ತರ ಜಿಗಿತದಲ್ಲಿ 1.74 ಮೀಟರ್ ದಾಟಿ ಅವರು ಬೆಳ್ಳಿ ಗಳಿಸಿದರು. ಹಾಸನ ಮೂಲದವರೇ ಆದ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾದ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲಿಯೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಮಾರಿಯಪ್ಪನ್ ಅವರನ್ನು ಬೆಂಗಳೂರಿಗೆ ಕರೆತಂದು ಪಳಗಿಸಿದವರು ತರಬೇತುದಾರ ಸತ್ಯನಾರಾಯಣ. ಈಜುಗಾರ ಶರತ್ ಗಾಯಕ್‌ವಾಡ್ 2014ರ ಇಂಚಾನ್ ಪ್ಯಾರಾ ಏಷ್ಯನ್ ಕ್ರೀಡಾಕೂಟವೊಂದರಲ್ಲಿಯೇ ಆರು ಪದಕಗಳನ್ನು ಗಳಿಸಿದರು.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಓಟ ಇನ್ನೊಂದು ಪಾಠವನ್ನು ಕಲಿಸುತ್ತದೆ. ಪೂರ್ಣ ಅಥವಾ ಬಹುತೇಕ ಪೂರ್ಣ ಅಂಧತ್ವವುಳ್ಳವರ ಟಿ11 ವರ್ಗದಲ್ಲಿ 1500 ಮೀಟರ್ ಓಡುವ ಅವರು, ಪ್ಯಾರಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಎರಡು ಬಾರಿ ಚಿನ್ನ ಗೆದ್ದು ಪ್ಯಾರಿಸ್‌ನಲ್ಲಿಯೂ ಸ್ಪರ್ಧಿಸಿದರು. ಈ ವರ್ಗದ ಓಟಗಾರರ ಜೊತೆಗೆ ಮಾರ್ಗದರ್ಶಕ ಓಟಗಾರರೊಬ್ಬರು ಕೈಗೆ ಕಟ್ಟಿದ ಪುಟ್ಟ ದಾರದ ಮೂಲಕ ದಿಕ್ಕು ತೋರಿಸುತ್ತ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುತ್ತಾರೆ. ಗುರಿರೇಖೆಯನ್ನು ಮಾತ್ರ ಕ್ರೀಡಾಪಟುವೇ ಮೊದಲು ದಾಟಬೇಕು ಎಂಬುದು ನಿಯಮ. ಸಹಾಯವೆಂದರೆ ಎಳೆದೊಯ್ಯುವುದಲ್ಲ, ಜೊತೆಗೆ ಓಡಿ ಕೊನೆಯಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲುವುದು ಎಂಬುದನ್ನು ಆ ನಿಯಮ ಮಾತಿಲ್ಲದೆ ತಿಳಿಸುತ್ತದೆ.

ಉಳಿದಿರುವ ಕೆಲಸ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 2.68 ಕೋಟಿ. ಅವರ ಹಕ್ಕುಗಳಿಗಾಗಿ 2016ರಲ್ಲಿ ಬಂದ ಕಾಯ್ದೆಯು ಗುರುತಿಸಲಾದ ಅಂಗವೈಕಲ್ಯಗಳ ಬಗೆಗಳನ್ನು 7ರಿಂದ 21ಕ್ಕೆ ಏರಿಸಿದ್ದಲ್ಲದೆ, ಕ್ರೀಡೆಯಲ್ಲಿ ಭಾಗವಹಿಸುವ ಅವಕಾಶವನ್ನು ಒದಗಿಸುವುದು ಸರ್ಕಾರದ ಹೊಣೆಯೆಂದೂ ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಖೇಲೊ ಇಂಡಿಯಾ ಪ್ಯಾರಾ ಕ್ರೀಡಾಕೂಟ ನಡೆಯಿತು. 2025ರಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ಗೂ ಅದೇ ನಗರ ಆತಿಥ್ಯ ವಹಿಸಿತು. ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೂ ಪ್ಯಾರಿಸ್‌ನ ಪದಕಗಳನ್ನು ಆಟವಾರು ವಿಂಗಡಿಸಿದರೆ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ: 29ರಲ್ಲಿ 17 ಅಥ್ಲೆಟಿಕ್ಸ್‌ನವು, ಉಳಿದವು ಬ್ಯಾಡ್ಮಿಂಟನ್, ಶೂಟಿಂಗ್, ಬಿಲ್ಲುಗಾರಿಕೆ ಮತ್ತು ಜೂಡೊಗಳವು; ಈಜಿನಲ್ಲಿ ಒಂದೂ ಇಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಅತಿ ಹೆಚ್ಚು ಪದಕಗಳಿರುವ ಆಟಗಳಲ್ಲೊಂದಾದ ಈಜಿನಲ್ಲಿ ಭಾರತಕ್ಕೆ ಇಂದಿಗೂ ಇರುವುದು ಪೇಟ್ಕರ್ ಅವರು 1972ರಲ್ಲಿ ತಂದ ಆ ಒಂದೇ ಪದಕ.

ಜಾವೆಲಿನ್ ಎಸೆಯಲು ಒಂದು ಬಯಲು ಸಾಕು. ಗಾಲಿಕುರ್ಚಿಯಲ್ಲಿರುವ ಮಗು ಈಜಲು ಮಾತ್ರ ಮನೆಯಿಂದ ಹೊರಡಲು ಹತ್ತಬಹುದಾದ ಬಸ್ಸು ಬೇಕು, ಕೊಳದ ಬಾಗಿಲಲ್ಲಿ ಮೆಟ್ಟಿಲಿನ ಬದಲು ಇಳಿಜಾರು ದಾರಿ ಬೇಕು, ಬಳಸಬಹುದಾದ ಶೌಚಾಲಯ ಬೇಕು, ನೀರಿಗೆ ಇಳಿಸಿ ಕಲಿಸಬಲ್ಲ ತರಬೇತುದಾರರು ಬೇಕು. ಗಾಯಗೊಂಡ ಸೈನಿಕನೊಬ್ಬನಿಗೆ ಚಿಕಿತ್ಸೆಯ ನೆಪದಲ್ಲಿ ಈಜುಕೊಳದ ದಾರಿ ತೆರೆದುಕೊಂಡದ್ದರಿಂದ ಭಾರತಕ್ಕೆ ಮೊದಲ ಚಿನ್ನ ಬಂತು. ಆ ದಾರಿ ತಾಲ್ಲೂಕು ಕೇಂದ್ರದ ಪ್ರತಿಯೊಂದು ಮಗುವಿಗೂ ತೆರೆದ ದಿನ, ಅರ್ಧ ಶತಮಾನದಿಂದ ಒಂಟಿಯಾಗಿ ನಿಂತಿರುವ ಆ ಪದಕಕ್ಕೆ ಜೊತೆಯೂ ದೊರೆಯುತ್ತದೆ.