ಐಡ್ಲಿಂಗ್ ಸ್ಕ್ರೂ ಮುಟ್ಟಬಹುದೇ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ. ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಅದು ಕಾರ್ಬ್ಯುರೇಟರ್ ಕಾಲದ ರೂಢಿ. ಫ್ಯುಯೆಲ್ ಇಂಜೆಕ್ಷನ್ ಕಾರಿನಲ್ಲಿ ಐಡ್ಲಿಂಗ್ ನೋಡಿಕೊಳ್ಳುವುದು ಇಸಿಯು ಎಂಬ ಕಂಪ್ಯೂಟರ್. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಎಷ್ಟು ಗಾಳಿ ಬೇಕೆಂದು ಅದೇ ಲೆಕ್ಕ ಹಾಕುತ್ತದೆ. ಆ ಗಾಳಿ ಒಳಹೋಗುವ ಥ್ರಾಟಲ್ ಬಾಡಿಯ ಮೇಲಿನ ಚಿಕ್ಕ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿದ್ದು. ಅದನ್ನು ತಿರುಗಿಸಿದರೆ ಈ ಲೆಕ್ಕ ಕೆಡುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ.

ಮೊದಲು ಪರೀಕ್ಷಿಸಿ. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವಷ್ಟು ಎಂಜಿನ್ ಬಿಸಿಯಾಗಲಿ. ಎಸಿ, ಹೆಡ್‌ಲೈಟ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಆರ್‌ಪಿಎಂ ಮುಳ್ಳು 700ರಿಂದ 900ರ ನಡುವೆ ಅಲುಗದೆ ನಿಲ್ಲಬೇಕು. ನಿಮ್ಮ ಕಾರಿನ ಖಚಿತ ಅಂಕಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ 1,200 ದಾಟಿದರೆ ಗಾಬರಿಯಾಗಬೇಡಿ.

ಮುಳ್ಳು ಕುಣಿಯುತ್ತಿದ್ದರೆ ನನ್ನ ಮೊದಲ ಅನುಮಾನ ಥ್ರಾಟಲ್ ಬಾಡಿಯ ಮೇಲೆಯೇ. ಎಂಜಿನ್ ನಿಲ್ಲಿಸಿ ಗಾಳಿ ಪೈಪ್ ಬಿಚ್ಚಿ ನೋಡಿದರೆ, ಒಳಗಿನ ದುಂಡು ತಟ್ಟೆಯ ಅಂಚಿಗೆ ದೋಸೆ ಹೆಂಚಿನ ತಳದಂತೆ ಕರಿ ಜಿಡ್ಡು ಕಟ್ಟಿರುತ್ತದೆ. ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಎಷ್ಟೋ ಕಾರುಗಳು ಸರಿಹೋಗುತ್ತವೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್‌ನ 'ಸ್ಸ್' ಸದ್ದಿಗೂ ಕಿವಿಗೊಡಿ. ಸ್ವಚ್ಛ ಮಾಡಿದ ಮೇಲೂ ಐಡ್ಲಿಂಗ್ ಏರುಪೇರಾದರೆ, ಮೆಕ್ಯಾನಿಕ್ ಬಳಿ ಸ್ಕ್ಯಾನರ್ ಹಾಕಿಸಿ ಇಸಿಯುಗೆ ಗಾಳಿಯ ಲೆಕ್ಕವನ್ನು ಹೊಸದಾಗಿ ಕಲಿಸಬೇಕಾಗಬಹುದು.