ಬೆಂಗಳೂರು–ಮಂಗಳೂರು ವಿಮಾನ ಮಾರ್ಗ: ದೂರ, ಪ್ರಯಾಣದ ಅವಧಿ ಹಾಗೂ ಪ್ರಯಾಣಿಕರ ಹಕ್ಕು

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣಕ್ಕೂ ನಡುವೆ ನೇರ ರೇಖೆಯಲ್ಲಿ ಅಳೆದ ದೂರವು ಸುಮಾರು 306 ಕಿ.ಮೀ. ಆಗಿರುತ್ತದೆ. ಶಿರಾಡಿ ಘಾಟಿಯ ಮೂಲಕ ಉಭಯ ನಗರಗಳ ನಡುವಿನ ರಸ್ತೆ ದೂರವು ಸುಮಾರು 350 ಕಿ.ಮೀ. ವಿಮಾನವು ನಿಗದಿತ ವಾಯುಮಾರ್ಗವನ್ನೂ ಓಡುಪಥದ ದಿಕ್ಕನ್ನೂ ಅನುಸರಿಸಬೇಕಾದುದರಿಂದ ವಾಸ್ತವವಾಗಿ ಹಾರುವ ದೂರವು ನೇರ ರೇಖೆಗಿಂತ ಹೆಚ್ಚಾಗಿರುತ್ತದೆ.

ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನವು ಈ ದೂರವನ್ನು 23 ನಿಮಿಷಗಳಲ್ಲಿ ಕ್ರಮಿಸಬೇಕೆಂಬುದು ಕಾಗದದ ಮೇಲಿನ ಲೆಕ್ಕ. ಟಿಕೆಟ್‌ನಲ್ಲಿ ಮಾತ್ರ ಸುಮಾರು ಒಂದು ಗಂಟೆ ಅಥವಾ ತುಸು ಹೆಚ್ಚಿನ ಅವಧಿ ನಮೂದಾಗಿರುತ್ತದೆ. ಮೇಲೇರುವ ಮತ್ತು ಕೆಳಗಿಳಿಯುವ ಹಂತಗಳಲ್ಲಿಯೇ ಹೆಚ್ಚಿನ ಹಾರಾಟ ಮುಗಿಯುವುದರಿಂದ ಪೂರ್ಣ ವೇಗಕ್ಕೆ ಅವಕಾಶ ಕಡಿಮೆ. ಇದಕ್ಕೆ ಹೋಲಿಸಿದರೆ, ಸುಮಾರು 1,700 ಕಿ.ಮೀ. ದೂರದ ದೆಹಲಿಗೆ ಎರಡೂಮುಕ್ಕಾಲು ಗಂಟೆಯ ಆಸುಪಾಸಿನ ಅವಧಿ ಸಾಕಾಗುತ್ತದೆ. ದೂರ ಐದೂವರೆ ಪಟ್ಟಾದರೂ ಅವಧಿ ಮೂರು ಪಟ್ಟಾಗುವುದಿಲ್ಲ. ನಾಗರಿಕ ವಿಮಾನ ಸಂಚಾರವು 2008ರ ಮೇ ತಿಂಗಳಲ್ಲಿ ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಗೆ ವರ್ಗಾವಣೆಗೊಂಡ ನಂತರ, ನಗರದ ದಕ್ಷಿಣ ಭಾಗದ ನಿವಾಸಿಗಳಿಗೆ ಹಾರಾಟಕ್ಕಿಂತ ನಿಲ್ದಾಣ ತಲುಪುವುದೇ ದೀರ್ಘ ಪ್ರಯಾಣವಾಗಿದೆ.

ವಿಮಾನವು ಹೊರಡಲು ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ, ಗಮ್ಯ ನಿಲ್ದಾಣದಲ್ಲಿ ಸಂಪೂರ್ಣವಾಗಿ ನಿಲ್ಲುವವರೆಗಿನ ಕಾಲಕ್ಕೆ 'ಬ್ಲಾಕ್ ಸಮಯ' ಎನ್ನಲಾಗುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಲ್ಲಿ ಪರಿಹಾರದ ಮಿತಿಯನ್ನು ದೂರದಿಂದಲ್ಲ, ಈ ಸಮಯದಿಂದ ನಿರ್ಧರಿಸಲಾಗಿದೆ. 2016ರ ಪರಿಷ್ಕರಣೆಯಂತೆ, ಸೂಕ್ತ ಮುನ್ಸೂಚನೆಯಿಲ್ಲದೆ ವಿಮಾನ ರದ್ದಾದಲ್ಲಿ, ಒಂದು ಗಂಟೆಯವರೆಗಿನ ಬ್ಲಾಕ್ ಸಮಯಕ್ಕೆ ರೂ. 5,000, ಎರಡು ಗಂಟೆಯವರೆಗೆ ರೂ. 7,500, ಅದಕ್ಕೂ ಮೇಲ್ಪಟ್ಟು ರೂ. 10,000 ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ನೀಡತಕ್ಕದ್ದು. ಮಂಗಳೂರು ಮಾರ್ಗವು ಒಂದು ಗಂಟೆಯ ಗಡಿಯಲ್ಲಿಯೇ ಇರುವುದರಿಂದ, ಒಂದು ಗಂಟೆ ಐದು ನಿಮಿಷದ ವಿಮಾನದ ಪ್ರಯಾಣಿಕರು ಮೇಲಿನ ವರ್ಗಕ್ಕೆ ಸೇರುತ್ತಾರೆ. ಆದುದರಿಂದ ಟಿಕೆಟ್‌ನಲ್ಲಿನ ಹೊರಡುವ ಮತ್ತು ತಲುಪುವ ವೇಳೆಗಳನ್ನು ಅರ್ಜಿಯಲ್ಲಿ ಯಥಾವತ್ತಾಗಿ ನಮೂದಿಸುವುದು ಅಗತ್ಯ. ಕಡಿಮೆ ದರದ ಟಿಕೆಟ್ ಪಡೆದವರಿಗೆ ಪೂರ್ಣ ಮಿತಿಯ ಮೊತ್ತ ದೊರೆಯುವುದು ವಿರಳ ಎಂಬುದನ್ನೂ ಗಮನಿಸಬೇಕು.

ವಿಳಂಬದ ಸಂದರ್ಭದಲ್ಲಿಯೂ ಇದೇ ಆಧಾರವಿದೆ. ಸಕಾಲದಲ್ಲಿ ಚೆಕ್-ಇನ್ ಮಾಡಿದ ಮಂಗಳೂರು ಪ್ರಯಾಣಿಕರಿಗೆ ಎರಡು ಗಂಟೆಯ ವಿಳಂಬಕ್ಕೆ ಊಟ ಅಥವಾ ಉಪಾಹಾರ ಒದಗಿಸತಕ್ಕದ್ದು. ಎರಡೂವರೆ ಗಂಟೆ ಮೀರಿದ ಬ್ಲಾಕ್ ಸಮಯವುಳ್ಳ ದೆಹಲಿ ವಿಮಾನಕ್ಕೆ ಈ ಅವಧಿ ಮೂರು ಗಂಟೆ.

ಬಜ್ಪೆಯ ಓಡುಪಥವು ಗುಡ್ಡದ ಮೇಲಿನ ಸಮತಟ್ಟು ಪ್ರದೇಶದಲ್ಲಿದ್ದು, ಮಳೆಗಾಲದಲ್ಲಿ ಮಂಜು ಮುಸುಕಿದಾಗ ವಿಮಾನಗಳು ಬೇರೆಡೆಗೆ ತಿರುಗುವುದುಂಟು. ಇಂತಹ ಹವಾಮಾನದ ಕಾರಣಕ್ಕೆ ನಗದು ಪರಿಹಾರ ಅನ್ವಯಿಸುವುದಿಲ್ಲ. ಟಿಕೆಟ್ ಕಾಯ್ದಿರಿಸುವಾಗ ಸಮರ್ಪಕ ಸಂಪರ್ಕ ವಿವರ ನೀಡದವರಿಗೂ ಅದು ಲಭ್ಯವಿಲ್ಲ. ಮಧ್ಯವರ್ತಿಗಳ ಮೂಲಕ ಕಾಯ್ದಿರಿಸುವವರು ಅವರ ದೂರವಾಣಿಗೆ ಬದಲಾಗಿ ತಮ್ಮದೇ ಸಂಖ್ಯೆ ನಮೂದಾಗಿದೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು.

ದೂರನ್ನು ಮೊದಲು ಸಂಬಂಧಿಸಿದ ವಿಮಾನಯಾನ ಸಂಸ್ಥೆಗೆ ಸಲ್ಲಿಸಿ, ಪರಿಹಾರ ದೊರೆಯದಿದ್ದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ ಏರ್‌ಸೇವಾ ಅಂತರ್ಜಾಲ ತಾಣದಲ್ಲಿ ದಾಖಲಿಸಬಹುದು. ಟಿಕೆಟ್‌ನ ಪ್ರತಿ, ರದ್ದತಿಯ ಸಂದೇಶ ಹಾಗೂ ಸಂಸ್ಥೆ ನೀಡಿದ ಉತ್ತರವನ್ನು ಲಗತ್ತಿಸುವುದು.