ಮಳೆಗಾಲದಲ್ಲಿ ಬಟ್ಟೆ ಒಗೆಯುವ ವಿಚಾರ

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬಟ್ಟೆ ಕೆಸರಾದರೆ ಏನೆಂಬುದನ್ನು ಅವರು ಹೇಳಲಿಲ್ಲ. ಪುಂಜಾಲಕಟ್ಟೆಯ ಸುತ್ತಣ ಕೆಂಪುಮಣ್ಣಿನ ದಾರಿಗಳಲ್ಲಿ ನಡೆದು ಕಾಲೇಜಿಗೆ ಬರುವ ನಮಗೆ ಈ ಪ್ರಶ್ನೆ ಸಣ್ಣದೇನಲ್ಲ. ಆದರೂ ಇಂಥ ವಿಷಯದ ಮೇಲೆ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವುದೇ ಎಂದು ಗೆಳೆಯರು ನಕ್ಕರು. ನಕ್ಕವರ ಅಂಗಿಗಳನ್ನು ಒಗೆಯುವವರು ಅವರ ತಾಯಂದಿರೇ ಎಂಬುದನ್ನು ಬಲ್ಲೆನಾದ್ದರಿಂದ ಬರೆಯುವ ಹಟ ಇನ್ನಷ್ಟು ಬಲವಾಯಿತು.

ಕಳೆದ ಆಟಿ ತಿಂಗಳಿನವರೆಗೆ ನಾನೂ ಆ ಗುಂಪಿನವನೇ. ನಮ್ಮ ಮನೆಯಲ್ಲಿ ಐದು ಜನ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ವಾರವಿಡೀ ಬೀಡಿ ಕಟ್ಟುತ್ತಾರೆ; ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಮಂದಿಯ ಬಟ್ಟೆಗಳನ್ನೆಲ್ಲ ಬಾವಿಕಟ್ಟೆಯ ಬಳಿಯ ಕಲ್ಲಿನ ಮೇಲೆ ಒಗೆಯುವುದು ಅವರ ಪದ್ಧತಿ. ಅಂಥದೊಂದು ಭಾನುವಾರ ಪಾಚಿಗಟ್ಟಿದ ನೆಲದಲ್ಲಿ ಕಾಲು ಜಾರಿ ಬಿದ್ದು, ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಬೀಡಿ ನಿಂತಿತು, ಅದರೊಂದಿಗೆ ಅದರ ಸಂಬಳವೂ ನಿಂತಿತು. ಬಟ್ಟೆ ಮಾತ್ರ ನಿಲ್ಲಲಿಲ್ಲ. ತಂಗಿ ಅಡುಗೆಯನ್ನು ವಹಿಸಿಕೊಂಡಳು. ಒಗೆಯುವ ಕಲ್ಲು ನನ್ನ ಪಾಲಿಗೆ ಬಂತು.

ಮೊದಲನೆಯ ಭಾನುವಾರ ನಾನು ಎಣಿಸಿದಾಗ ರಾಶಿಯಲ್ಲಿ 54 ಬಟ್ಟೆಗಳಿದ್ದುವು. ಪುಡಿ ಹೆಚ್ಚಿದಷ್ಟೂ ಶುದ್ಧಿ ಹೆಚ್ಚೆಂದು ಭಾವಿಸಿ ಅರ್ಧ ಪ್ಯಾಕೆಟು ಸುರಿದೆ. ಬಾವಿಯಿಂದ ಬಾಲ್ದಿಯ ಮೇಲೆ ಬಾಲ್ದಿ ನೀರು ಸೇದಿದರೂ ನೊರೆ ಹೋಗಲೊಲ್ಲದು. ಹಗ್ಗಗಳೆಲ್ಲ ತುಂಬಿದುವು, ಬುಧವಾರವಾದರೂ ಒಂದೂ ಸರಿಯಾಗಿ ಒಣಗಲಿಲ್ಲ. ಹಸಿ ಪ್ಯಾಂಟು ಧರಿಸಿ ತರಗತಿಗೆ ಬಂದ ದಿನ ಬೆಂಚಿನ ಮಿತ್ರರು ಒಬ್ಬೊಬ್ಬರಾಗಿ ದೂರ ಸರಿದು ಕುಳಿತದ್ದು ನನ್ನ ಮೇಲಿನ ಗೌರವದಿಂದಲ್ಲ. ಅಂದೇ ಇದರ ಕಾರಣಗಳನ್ನು ಹುಡುಕತೊಡಗಿದೆ. ದೊರೆತುದನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಆದ್ದರಿಂದ ನಮ್ಮಲ್ಲಿ ಬಟ್ಟೆಯ ಕಷ್ಟವೆಂದರೆ ಒಗೆಯುವ ಕಷ್ಟಕ್ಕಿಂತ ಒಣಗಿಸುವ ಕಷ್ಟವೇ ಹೆಚ್ಚು. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖಕ್ಕಿಂತ, ಅಷ್ಟೇ ನೀರನ್ನು ಆವಿಯಾಗಿಸಲು ಸುಮಾರು ಎಂಟು ಪಟ್ಟು ಶಾಖ ಬೇಕು. ಬಿಸಿಲಿದ್ದಾಗ ಸೂರ್ಯನು ಈ ವೆಚ್ಚವನ್ನು ಧರ್ಮಾರ್ಥವಾಗಿ ಭರಿಸುತ್ತಾನೆ. ಆಟಿಯಲ್ಲಿ ಅವನಿಲ್ಲ, ಗಾಳಿಯೂ ಮೊದಲೇ ತೇವದಿಂದ ತುಂಬಿರುವುದರಿಂದ ಇನ್ನಷ್ಟು ತೇವವನ್ನು ಹೀರಲಾರದು. ಹಾಗಾದರೆ ಕೈಯಿಂದ ಹಿಂಡಿ ತೆಗೆದ ಪ್ರತಿಯೊಂದು ಹನಿಯೂ ಲಾಭವೇ ಅಲ್ಲವೆ? ಹೊದಿಕೆಗಳನ್ನು ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಬೇಕು. ಅಂಗಿ ಪ್ಯಾಂಟುಗಳನ್ನು ಒಣಗಿದ ಬೈರಾಸಿನಲ್ಲಿ ಸುತ್ತಿ ಒತ್ತಿದರೆ ಉಳಿದ ನೀರಿನಲ್ಲಿ ಒಂದು ಪಾಲನ್ನು ಬೈರಾಸು ಹೀರಿಕೊಳ್ಳುತ್ತದೆ. ಮನೆಯಲ್ಲಿ ಯಂತ್ರವಿರುವವರಿಗೂ ಮಳೆಗಾಲದಲ್ಲಿ ಅದರ ನಿಜವಾದ ಉಪಕಾರ ತಿರುಗಿಸಿ ನೀರು ತೆಗೆಯುವುದರಲ್ಲಿಯೇ ಇದೆ.

ಎರಡನೆಯದು ಗಾಳಿಯ ಓಡಾಟ. ಒದ್ದೆ ಬಟ್ಟೆಯ ಸುತ್ತ ನಿಂತ ಗಾಳಿ ಬೇಗನೆ ತೇವದಿಂದ ತುಂಬುತ್ತದೆ. ಅದು ಸರಿದು ಬೇರೆ ಗಾಳಿ ಬಂದರೆ ಮಾತ್ರ ಒಣಗುವಿಕೆ ಮುಂದುವರಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದರ ಮೇಲೊಂದು ಹಾಕಿದ ಹತ್ತು ಬಟ್ಟೆಗಿಂತ, ಗಾಳಿ ಹಾಯುವ ಜಗಲಿಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿದ ಐದು ಬಟ್ಟೆ ಬೇಗ ಒಣಗುತ್ತದೆ. ಬಚ್ಚಲೊಲೆಯ ಮೇಲಿನ ಹಗ್ಗವೂ ಉಪಯುಕ್ತವೇ. ಆದರೆ ಮಡಲು ಉರಿದು ಹೊಗೆ ಅಡಗಿ ಕೆಂಡವಾದ ಮೇಲೆ ಹಾಕಬೇಕು, ಇಲ್ಲವಾದರೆ ಹೊಗೆಯ ವಾಸನೆ ಕಾಲೇಜಿನವರೆಗೂ ಜೊತೆಗೆ ಬರುತ್ತದೆ.

ನನ್ನನ್ನು ಬೆಂಚಿನಲ್ಲಿ ಒಂಟಿಯಾಗಿಸಿದ ಮುಗ್ಗಲು ವಾಸನೆಗೂ ಕಾರಣ ತಿಳಿದಿದೆ. ಅದಕ್ಕೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಆಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯವೆಂದು 2012ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಬಟ್ಟೆ ಬಹಳ ಹೊತ್ತು ಹಸಿಯಾಗಿದ್ದರೆ ಇದು ವೃದ್ಧಿಗೊಂಡು, ಉಳಿದ ಬೆವರು ಜಿಡ್ಡುಗಳಿಂದ ದುರ್ಗಂಧದ ಆಮ್ಲವನ್ನು ಉಂಟುಮಾಡುತ್ತದೆ. ಸುಗಂಧದ್ರವ್ಯ ಸಿಂಪಡಿಸಿದರೆ ಎರಡು ವಾಸನೆಗಳಾಗುತ್ತವೆಯೇ ಹೊರತು ಒಂದೂ ಹೋಗುವುದಿಲ್ಲ. ಬಿಳಿಯ ಹತ್ತಿಬಟ್ಟೆಯನ್ನು ಕುದಿಯುವ ನೀರಿನಲ್ಲಿ ನೆನೆಸುವುದೂ, ಹಸಿಬಟ್ಟೆಯನ್ನು ಮೂಲೆಯಲ್ಲಿ ರಾಶಿ ಹಾಕದಿರುವುದೂ ಇದಕ್ಕೆ ಔಷಧ.

ಇನ್ನು ಸಾಬೂನಿನ ಮಾತು. ಅದರ ಅಣುವಿನ ಒಂದು ತುದಿಗೆ ನೀರಿನ ಸ್ನೇಹ, ಇನ್ನೊಂದು ತುದಿಗೆ ಎಣ್ಣೆಯ ಸ್ನೇಹ. ಈ ಇಬ್ಬಗೆಯ ಸ್ನೇಹದಿಂದಲೇ ಅದು ಜಿಡ್ಡನ್ನು ಸುತ್ತುವರಿದು ನೀರಿಗೆ ಎಳೆದು ತರುತ್ತದೆ. ಇದಕ್ಕೆ ಬೇಕಾದುದು ಸಮಯ, ಅತಿಯಾದ ಪುಡಿಯಲ್ಲ. ನೊರೆಯೆಂಬುದು ಶುದ್ಧಿಯ ಅಳತೆಯೂ ಅಲ್ಲ. ಹೆಚ್ಚಾದ ಪುಡಿ ನೂಲಿನಲ್ಲಿ ಉಳಿದು ಬಟ್ಟೆಯನ್ನು ಒರಟಾಗಿಸುತ್ತದೆ, ಜಾಲಿಸುವ ನೀರನ್ನೂ ಬೆನ್ನುನೋವನ್ನೂ ಇಮ್ಮಡಿಗೊಳಿಸುತ್ತದೆ. ನಾನು ಪುಡಿಯನ್ನು ಅರ್ಧಕ್ಕಿಳಿಸಿ, ಬಟ್ಟೆಯನ್ನು ಅರ್ಧ ಗಂಟೆ ನೆನೆಸಿದೆ. ಕಲ್ಲಿಗೆ ಬಡಿಯುವ ಕೆಲಸ ಬಹುಮಟ್ಟಿಗೆ ತಪ್ಪಿತು. ಅಂಗಿಯ ಗುಂಡಿಗಳೂ ಉಳಿದುಕೊಂಡುವು.

ಕೆಂಪುಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಬಟ್ಟೆಯನ್ನು ಬಿಳಿ ಮಾಡುವ ಬ್ಲೀಚಿಂಗ್ ಪುಡಿಗೂ ಅದು ಜಗ್ಗುವುದಿಲ್ಲ. ಕೆಸರಾದ ಬಟ್ಟೆಯನ್ನು ಮೊದಲು ಬರಿಯ ನೀರಿನಲ್ಲಿ ಜಾಲಿಸಿ ಮಣ್ಣನ್ನು ಕಳೆದು, ಅನಂತರವೇ ಸಾಬೂನಿಗೆ ಹಾಕಬೇಕು. ಅಪ್ಪನ ತೋಟದ ಅಂಗಿಯ ಮೇಲಿನ ಕಪ್ಪು ಕಲೆಗಳ ಗುಟ್ಟು ಇನ್ನೂ ಸ್ವಾರಸ್ಯಕರ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿದರೆ ಕಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ತಯಾರಿಸುತ್ತಿದ್ದುದೂ ಇಂಥ ಸಂಯೋಗದಿಂದಲೇ. ಶಾಯಿಯನ್ನು ತಿಕ್ಕಿ ತಿಕ್ಕಿ ಅಮ್ಮ ಇಷ್ಟು ವರ್ಷ ಕೈ ಸವೆಸಿದರಲ್ಲಾ ಎಂದು ನನಗೆ ಮರುಕವಾಯಿತು. ಈಗ ತೋಟಕ್ಕೆಂದೇ ಎರಡು ಅಂಗಿಗಳಿವೆ. ಅವು ಶುಭ್ರವಾಗಿದ್ದರೆ ಸಾಕು, ಬಿಳಿಯಾಗಬೇಕಾಗಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಕಲಿಸಿದ್ದು ಸರಳವಾದ ಭಾಗಾಕಾರ. ವಾರದ 54 ಬಟ್ಟೆಯನ್ನು ಏಳರಿಂದ ಭಾಗಿಸಿದರೆ ದಿನಕ್ಕೆ ಎಂಟೂ ಬರುವುದಿಲ್ಲ. ಎಂಟು ಬಟ್ಟೆಗೆ ಜಗಲಿಯ ಒಂದೇ ಹಗ್ಗ ಸಾಕು, ಸ್ನಾನಕ್ಕೆ ಮುಂಚಿನ ಇಪ್ಪತ್ತು ನಿಮಿಷ ಸಾಕು. ಅದನ್ನು ಮತ್ತೆ ಜನಕ್ಕೆ ಭಾಗಿಸಿದೆವು. ಪ್ರತಿಯೊಬ್ಬರೂ ಸ್ನಾನ ಮಾಡುವಾಗ ತಮ್ಮ ಬೈರಾಸು, ಒಳಬಟ್ಟೆಗಳನ್ನು ತಾವೇ ಹಿಂಡಿ ಹಾಕುವುದು. ಉಳಿದುದು ಸರದಿಯ ಪ್ರಕಾರ. ಅಪ್ಪ ಮೊದಲ ದಿನ ಗೊಣಗಿದರು, ಮೂರನೆಯ ದಿನ ಒಗೆದರು. ಬಾವಿಕಟ್ಟೆಯ ನೆಲವನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಹಿಡಿಸೂಡಿಯಿಂದ ಉಜ್ಜುವ ಕೆಲಸ ನನ್ನದು. ಅದನ್ನು ಮೊದಲೇ ಮಾಡಿದ್ದರೆ ಒಂದು ಕೈ ಮುರಿಯುತ್ತಿರಲಿಲ್ಲ ಎಂಬ ಯೋಚನೆ ಉಜ್ಜುವಾಗಲೆಲ್ಲ ಬರುತ್ತದೆ.

ಗಂಡುಹುಡುಗ ಬಟ್ಟೆ ಒಗೆಯುವುದನ್ನು ಕಂಡು ದಾರಿಯಲ್ಲಿ ಹೋಗುವವರು ನಕ್ಕದ್ದುಂಟು. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರು ಇದನ್ನೇ ಕಾಯಕವಾಗಿ ಕೈಕೊಂಡವರೆಂದು ನಾವು ತರಗತಿಯಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತೇವೆ. ಕಲ್ಲಿನ ಬಳಿಗೆ ಹೋದಾಗ ಮಾತ್ರ ನಾಚಿಕೆಯಾಗುವುದೇಕೆ?

ಪ್ಲಾಸ್ಟರು ತೆಗೆದ ಮೇಲೆ ಅಮ್ಮ ಕಲ್ಲಿನ ಕಡೆಗೆ ಹೊರಟರು. ಅಲ್ಲಿ ಒಗೆಯುವುದಕ್ಕೆ ಏನೂ ಉಳಿದಿರಲಿಲ್ಲ. ಬಿಡುವಾದ ಆ ಭಾನುವಾರ ಅವರು ಗೆರಸೆ ಹಿಡಿದು ಬೀಡಿಗೆ ಕೂರುವರೆಂದು ನಾನು ಊಹಿಸಿದ್ದೆ. ಅವರು ಹಾಗೆ ಮಾಡಲಿಲ್ಲ. ಊಟವಾದೊಡನೆ ಜಗಲಿಯಲ್ಲಿ ಚಾಪೆ ಹಾಸಿ, ಹಗ್ಗದ ಮೇಲಿನ ಎಂಟು ಬಟ್ಟೆಗಳ ಕೆಳಗೆ, ಸಂಜೆಯ ತನಕ ಮಲಗಿದರು. ನನ್ನ ನೆನಪಿನಲ್ಲಿ ಅಮ್ಮ ಹಗಲು ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು.